ಮಾರುವವನದ್ದಲ್ಲದ ಮಾಲು

ನನ್ನ ತಮ್ಮನಿಗೆ ಬುದ್ಧಿ ಇಲ್ಲ ಅಂತ ನಾನು ಹೇಳುವುದಿಲ್ಲ. ಇದ್ದ ಬುದ್ಧಿಯನ್ನು ಅವನು ಎಲ್ಲಿ ಖರ್ಚು ಮಾಡಿದ ಅನ್ನುವುದೇ ನನ್ನ ಸಿಟ್ಟು.

ನಮ್ಮದು ಹಳೆ ಹೊಲಿಗೆ ಮಷೀನುಗಳನ್ನು ಕೊಂಡು, ರಿಪೇರಿ ಮಾಡಿ ಮಾರುವ ಅಂಗಡಿ. ಅಪ್ಪ ನಮ್ಮಿಬ್ಬರ ಹೆಸರಿಗೂ ಬರೆದಿಟ್ಟು ಹೋದರು. ಹಿಂದಿನ ಕೋಣೆಯಲ್ಲಿ ನಾನು, ಎಣ್ಣೆ ಡಬ್ಬಿ, ಬಿಚ್ಚಿ ಹಾಕಿದ ಬಿಡಿಭಾಗಗಳು. ಮುಂದಿನ ಕೋಣೆಯಲ್ಲಿ ನಿಂತು ಮಾರುವವನು ತಮ್ಮ. ಅವನ ಬಾಯಿಗೆ ಸಿಕ್ಕರೆ ಮೂಲೆಗೆ ಬಿದ್ದ ಮಷೀನೂ ಮದುಮಗಳಾಗಿಬಿಡುತ್ತದೆ.

ಈ ದಂಧೆಯಲ್ಲಿ ಮೋಸ ಹೇಗೆ ನಡೆಯುತ್ತದೆ ಅಂತ ನಮಗೆ ಯಾರೂ ಕಲಿಸಬೇಕಿಲ್ಲ. ಸವೆದ ಹಲ್ಲುಚಕ್ರಕ್ಕೆ ಗಟ್ಟಿ ಗ್ರೀಸು ಮೆತ್ತಿ ಸದ್ದು ಅಡಗಿಸುತ್ತಾರೆ. ತುಕ್ಕಿನ ಮೇಲೆ ಕಪ್ಪು ಬಣ್ಣ ಬಳಿಯುತ್ತಾರೆ. ಹೊಲಿದು ತೋರಿಸಿ ಅಂದರೆ ಗಂಜಿ ಹಾಕಿದ ಬಟ್ಟೆಯ ತುಂಡೊಂದನ್ನು ಅವರೇ ತಂದಿರುತ್ತಾರೆ. ಅದರ ಮೇಲೆ ಎಂಥ ಲಟಾರಿ ಮಷೀನೂ ನೆಟ್ಟಗೆ ಹೊಲಿಯುತ್ತದೆ. ಅದಕ್ಕೇ ಅಪ್ಪ ಕೊಳ್ಳಲು ಹೋಗುವಾಗ ಮೆತ್ತಗಿನ ಹಳೆ ಬಟ್ಟೆಯನ್ನು ಜೇಬಿನಲ್ಲಿ ಇಟ್ಟುಕೊಂಡೇ ಹೋಗುತ್ತಿದ್ದರು. ನಮ್ಮ ಬಟ್ಟೆಯ ಮೇಲೆ ಹೊಲಿಯದ ಮಷೀನನ್ನು ನಾವು ಯಾವತ್ತೂ ಕೊಂಡಿಲ್ಲ.

ಇಷ್ಟೆಲ್ಲ ಗೊತ್ತಿದ್ದ ನನ್ನ ತಮ್ಮ ಒಂದು ವೆಬ್‌ಸೈಟ್ ಕೊಳ್ಳಲು ಹೊರಟ.

"ಹತ್ತು ವರ್ಷದಿಂದ ನಡೀತಿರೋ ಸೈಟು ಅಕ್ಕ," ಅಂದ. "ಹೊಲಿಗೆ ಪಾಠ, ಮಷೀನ್ ರಿಪೇರಿ, ಎಲ್ಲ ಇದೆ. ದಿನಾ ಸಾವಿರಾರು ಜನ ನೋಡ್ತಾರೆ. ಜಾಹೀರಾತಿನ ದುಡ್ಡು ತಾನಾಗೇ ಬರುತ್ತೆ. ಇಲ್ಲಿ ನೊಣ ಹೊಡೀತಾ ಕೂರೋದಕ್ಕಿಂತ ವಾಸಿ ಅಲ್ವಾ?"

"ಕೊಳ್ಳೋಕೆ ದುಡ್ಡೆಲ್ಲಿದೆ?"

"ಮುಂದಿನ ಕೋಣೆ ಮಾರೋಣ. ಪಕ್ಕದ ಹಾರ್ಡ್‌ವೇರ್ ಅಂಗಡಿಯಣ್ಣ ಎಷ್ಟು ವರ್ಷದಿಂದ ಕೇಳ್ತಿದ್ದಾರೆ! ನೀನೊಂದು ರುಜು ಹಾಕಿದ್ರೆ ಆಯ್ತು."

"ಮುಂದಿನ ಕೋಣೆ ಹೋದ್ರೆ ಹಿಂದಿನದಕ್ಕೆ ಬೀದಿ ಬಾಗಿಲೇ ಇಲ್ಲವಲ್ಲೋ. ನಾನೇನು ಗೋಡೆ ತೂರಿ ಬರ್ಲಾ?"

ಇಪ್ಪತ್ತೆರಡು ವರ್ಷ ನಾನು ಕೆಲಸ ಮಾಡಿದ ಕೋಣೆ ಅದು. ನನಗೆ ಬೇರೆ ಕೆಲಸ ಬರುವುದಿಲ್ಲ, ಕಲಿಯುವ ಆಸೆಯೂ ಇಲ್ಲ. ಆದರೂ ತಮ್ಮನ ಮುಖ ನೋಡಿ ಸುತರಾಂ ಆಗಲ್ಲ ಅನ್ನಲಿಲ್ಲ. ಮೊದಲು ಮಾಲು ನೋಡೋಣ, ಸರಿ ಇದ್ದರೆ ರುಜು ಹಾಕುತ್ತೇನೆ ಅಂದೆ. ಅಷ್ಟು ಸಡಿಲ ಬಿಟ್ಟದ್ದು ನನ್ನ ತಪ್ಪು.

ಮಾರುವವನು ಫೋನಿನಲ್ಲಿ ಮಾತಾಡಿದ. ಎರಡನೇ ಮಾತಿಗೇ ನನ್ನನ್ನು ಅಕ್ಕ ಅಂದ. ಅಲ್ಲಿಂದ ನಾನು ಅವನಿಗೆ ಬೆಣ್ಣೆಬಾಯಿ ಅಂತ ಹೆಸರಿಟ್ಟೆ. "ಈ ಸೈಟು ನಂಗೆ ಮಗು ಇದ್ದ ಹಾಗೆ ಅಕ್ಕ. ನಿಮ್ಮಂಥೋರ ಮಡಿಲಿಗೆ ಹಾಕಿದ್ರೆ ನೆಮ್ಮದಿ," ಅಂದ. ಓದುಗರ ಲೆಕ್ಕ, ಆದಾಯದ ಲೆಕ್ಕ ಅಂತ ಮೇಲಕ್ಕೇರುವ ಗೆರೆಗಳ ಚಿತ್ರಗಳನ್ನು ತಮ್ಮನಿಗೆ ಮೊದಲೇ ಕಳಿಸಿದ್ದ. ತಮ್ಮ ಅವನ್ನು ಮಗುವಿನ ಫೋಟೋ ತೋರಿಸಿದಂತೆ ಎಲ್ಲರಿಗೂ ತೋರಿಸಿಕೊಂಡು ತಿರುಗುತ್ತಿದ್ದ.

"ಚಿತ್ರ ಬೇಡ," ಅಂದೆ. "ಸೈಟಿನ ಮೊದಲ ಪುಟದಲ್ಲಿ ನಾನು ಹೇಳೋ ಒಂದು ಸಾಲು ಹಾಕಿ. 'ಬಾಬಿನ್ನಿಗೆ ದಾರ ತೀರಾ ಬಿಗಿಯಾಗಿ ಸುತ್ತಬೇಡಿ' ಅಂತ. ಐದು ನಿಮಿಷ ಇದ್ರೆ ಸಾಕು, ಆಮೇಲೆ ತೆಗೀರಿ. ನಿಮ್ಮದೇ ಸೈಟಾದ್ರೆ ಇದೇನು ದೊಡ್ಡ ಕೆಲಸ?"

ಬೆಣ್ಣೆಬಾಯಿಗೆ ಕೆಮ್ಮು ಬಂತು. ಆಗಲಿ ಅಕ್ಕ, ಖಂಡಿತ ಅಕ್ಕ, ಆದರೆ ಇನ್ನೊಬ್ಬರು ದುಡ್ಡು ಹಿಡಿದು ಕಾಯುತ್ತಿದ್ದಾರೆ, ನಾಳೆ ಸಂಜೆಯವರೆಗೆ ಮಾತ್ರ ನಿಮಗೋಸ್ಕರ ತಡೆದಿಟ್ಟಿರುತ್ತೇನೆ ಅಂದ.

ಮರುದಿನ ತಮ್ಮ ಕುಣಿದುಕೊಂಡು ಬಂದ. "ನೋಡು, ಹಾಕಿದ್ದಾರೆ!" ಅವನ ಫೋನಿನಲ್ಲಿ ಸೈಟಿನ ಮೊದಲ ಪುಟವಿತ್ತು, ಅದರ ನೆತ್ತಿಯಲ್ಲಿ ನನ್ನ ಸಾಲೂ ಇತ್ತು. ಆದರೆ ಅದು ಬೆಣ್ಣೆಬಾಯಿ ಕಳಿಸಿದ ಇನ್ನೊಂದು ಚಿತ್ರ. ನಾನು ನನ್ನ ಫೋನಿನಲ್ಲಿ ಸೈಟನ್ನೇ ತೆರೆದೆ. ಬಾಬಿನ್ನಿನ ಸುದ್ದಿಯೇ ಇರಲಿಲ್ಲ.

"ನಮ್ಮ ಕಡೆ ಕಾಣ್ಸೋಕೆ ಎರಡು ದಿನ ಹಿಡಿಯುತ್ತಂತೆ ಅಕ್ಕ."

"ಅವನು ಅವನ ಬಟ್ಟೆ ಮೇಲೆ ಹೊಲಿದು ತೋರಿಸಿದ್ದಾನೆ ಕಣೋ! ಅಪ್ಪನ ಮಗ ಆಗಿ ಇಷ್ಟೂ ಗೊತ್ತಾಗಲ್ವಾ ನಿಂಗೆ?"

"ನಿಂಗೆ ನಾನು ಉದ್ಧಾರ ಆಗೋದೇ ಬೇಡ," ಅಂದ ತಮ್ಮ. "ಸಾಯೋವರೆಗೂ ಈ ಎಣ್ಣೆ ಜಿಡ್ಡಲ್ಲೇ ಬಿದ್ದಿರ್ಬೇಕು ನಾನು."

ನನ್ನ ಪಿತ್ತ ನೆತ್ತಿಗೇರಿತು. ಅವನನ್ನು ಓದಿಸಿದ್ದು ಇದೇ ಎಣ್ಣೆ ಜಿಡ್ಡು. ಹಲ್ಲು ಕಚ್ಚಿಕೊಂಡು ಹಿಂದಿನ ಕೋಣೆಗೆ ಹೋದೆ. ಅಲ್ಲಿ ಕೂತು ಆ ಸೈಟನ್ನು ಮೇಲಿಂದ ಕೆಳಗೆ ಓದಿದೆ. ಹೇಳಬೇಕೆಂದರೆ ಬಹಳ ಒಳ್ಳೆಯ ಸೈಟು. ರವಿಕೆಯ ತೋಳು ಕತ್ತರಿಸುವ ಪಾಠವನ್ನು ಬರೆದವರು ಸಾವಿರ ತೋಳಾದರೂ ಕತ್ತರಿಸಿರಬೇಕು. ಕಟ್ಟಕಡೆಯಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಇಮೇಲ್ ವಿಳಾಸವಿತ್ತು. ಬೆಣ್ಣೆಬಾಯಿ ಕೊಟ್ಟ ವಿಳಾಸ ಅದಲ್ಲ. ಸೈಟು ಮಾರಾಟಕ್ಕಿದೆ ಅನ್ನುವುದು ನಿಜವೇ ಅಂತ ಅದಕ್ಕೆ ಬರೆದು ನನ್ನ ನಂಬರು ಹಾಕಿದೆ.

ಎರಡು ದಿನ ಬಿಟ್ಟು ಬೆಳಿಗ್ಗೆ ಫೋನ್ ಬಂತು. ವಯಸ್ಸಾದ ಹೆಂಗಸಿನ ದನಿ. ಹೊಲಿಗೆ ಟೀಚರಾಗಿದ್ದವರಂತೆ.

"ಯಾರ್ರೀ ಹೇಳಿದ್ದು ನಾನು ಮಾರ್ತಿದ್ದೀನಿ ಅಂತ? ಕೇಳಿದವರಲ್ಲಿ ನೀವು ನಾಲ್ಕನೆಯವರು! ಒಬ್ಬ ಪಾಪದ ಹುಡುಗಿ ಆಗ್ಲೇ ದುಡ್ಡು ಕಟ್ಟಿ ಅಳ್ತಿದ್ದಾಳೆ. ಹತ್ತು ವರ್ಷ ನಾನು ಬರೆದಿದ್ದನ್ನ ಯಾವನೋ ಒಬ್ಬ ಅವನದ್ದು ಅಂತ ಮಾರ್ಕೊಂಡು ತಿಂತಿದ್ದಾನೆ!"

ನಮ್ಮಿಬ್ಬರ ಸಿಟ್ಟೂ ಸೇರಿ ಫೋನು ಬಿಸಿಯಾಗಿರಬೇಕು. ನಾನು ಕೇಳಿದ್ದ ಸಾಲಿನ ವಿಷಯ ಹೇಳಿದೆ. "ಅಷ್ಟೇ ತಾನೇ? ತಡೀರಿ," ಅಂದರು. ಪಟಪಟ ಟೈಪ್ ಮಾಡುವ ಸದ್ದು ಕೇಳಿಸಿತು. ಒಂದು ನಿಮಿಷ ಆಗಿರಲಿಕ್ಕಿಲ್ಲ, ನನ್ನ ಫೋನಿನಲ್ಲಿ ಸೈಟಿನ ನೆತ್ತಿಯ ಮೇಲೆ ಬಾಬಿನ್ನಿನ ಸಾಲು ಬಂದು ಕೂತಿತು.

ಮುಂದಿನ ಕೋಣೆಗೆ ಓಡಿದೆ. ತಮ್ಮ ನೋಡಿದ, ಎಲ್ಲ ಕೇಳಿಸಿಕೊಂಡ, ಹತ್ತಿರವಿದ್ದ ಸ್ಟೂಲಿನ ಮೇಲೆ ಕುಸಿದ.

"ದುಡ್ಡು ಕೊಟ್ಟಿದ್ದೀಯಾ?"

"ಮೊನ್ನೆ ಸಂಜೆ. ಕೊನೇ ದಿನ ಅಂದ ಅಕ್ಕ. ಈಗ ಫೋನ್ ಎತ್ತುತ್ತಿಲ್ಲ."

"ನಿನ್ನ ಹತ್ರ ದುಡ್ಡೆಲ್ಲಿತ್ತು?"

ಅವನು ಬಾಯಿ ತೆರೆಯುವ ಮೊದಲೇ ಹಾರ್ಡ್‌ವೇರ್ ಅಂಗಡಿಯಣ್ಣ ಒಳಗೆ ಬಂದರು. ಹಿಂದೆ ಒಬ್ಬ ಮೇಸ್ತ್ರಿ, ಅವನ ಕೈಯಲ್ಲಿ ಅಳತೆ ಟೇಪು.

"ನೋಡಮ್ಮ, ಆ ಗೋಡೆ ಒಡೆಯೋ ಮುಂಚೆ ಅಳತೆ ತಗೊಂಡು ಹೋಗ್ತಾರೆ. ನಿನ್ನ ಮಷೀನುಗಳನ್ನ ಆಮೇಲೆ ನಿಧಾನಕ್ಕೆ ಸಾಗಿಸಿದ್ರೂ ನಡೆಯುತ್ತೆ."

"ಯಾವ ಗೋಡೆ?"

ಅವರು ನಕ್ಕು ಜೇಬಿನಿಂದ ಕರಾರು ಪತ್ರ ತೆಗೆದರು. ಮುಂದಿನ ಕೋಣೆಯ ಮಾರಾಟ, ಮುಂಗಡ ಸಂದಾಯ. ಕೆಳಗೆ ತಮ್ಮನ ರುಜು, ಅದರ ಪಕ್ಕದಲ್ಲಿ ನನ್ನದು. ನನ್ನದೇ ಬಾಗು, ನನ್ನದೇ ಕೊನೆಯ ಗೀಟು. ನನ್ನ ಬಿಲ್ ಪುಸ್ತಕ ಇಟ್ಟುಕೊಂಡು ಎಷ್ಟು ಹೊತ್ತು ತಿದ್ದಿ ಕಲಿತಿದ್ದನೋ.

ಮೈಯೆಲ್ಲ ಹೊತ್ತಿ ಉರಿಯಿತು. ನಾನು ಊರು ಮುಖ ಗೊತ್ತಿಲ್ಲದ ಒಬ್ಬ ಬೆಣ್ಣೆಬಾಯಿಯನ್ನು ಹಿಂದೆ ಮುಂದೆ ತಿರುವಿ ಪರೀಕ್ಷೆ ಮಾಡುತ್ತಿದ್ದೆ. ಅದೇ ಹೊತ್ತಿಗೆ ನನ್ನ ತಮ್ಮ ಮಗ್ಗುಲಲ್ಲೇ ಕೂತು ಅದೇ ದಂಧೆ ಮಾಡಿದ್ದ. ತನ್ನದಲ್ಲದ್ದನ್ನು ತನ್ನದು ಅಂತ ಮಾರಿದ್ದ.

"ನಿನ್ನ ರುಜು ತಾನೇ ಇದು?" ನನ್ನ ಮುಖ ನೋಡಿ ಅಂಗಡಿಯಣ್ಣನ ನಗು ಆರಿಹೋಗಿತ್ತು.

ತಮ್ಮ ನನ್ನನ್ನೇ ನೋಡುತ್ತಿದ್ದ. "ಅಕ್ಕಾ," ಅಂದ. "ಹೂಂ ಅನ್ನು ಅಕ್ಕಾ. ನಿನ್ನ ಕಾಲಿಗೆ ಬೀಳ್ತೀನಿ."

"ಅಲ್ಲ," ಅಂದೆ. "ನನ್ನದಲ್ಲ."

ಮೇಸ್ತ್ರಿ ಟೇಪು ಸುತ್ತಿಕೊಂಡ. ಅಂಗಡಿಯಣ್ಣ, ಇದೇನು ಮಕ್ಕಳಾಟವಾ, ನನ್ನ ದುಡ್ಡು ಏನಾಯ್ತು, ಅಕ್ಕ ತಮ್ಮ ಸೇರಿ ನಂಗೆ ಟೋಪಿ ಹಾಕ್ತಿದ್ದೀರಾ ಅಂತ ಕೂಗಾಡಿದರು.

"ಕೂಗ್ಬೇಡಿ," ಅಂತ ನಾನು ಅವರಿಗಿಂತ ಜೋರಾಗಿ ಕೂಗಿದೆ. "ಹತ್ತು ರೂಪಾಯಿ ನೋಟು ಕೊಟ್ರೂ ಬೆಳಕಿಗೆ ಹಿಡಿದು ನೋಡ್ತೀರಲ್ಲಣ್ಣ ನೀವು. ದಿನಾ ಮುಖ ನೋಡೋ ನನ್ನನ್ನ ಬಂದು ಒಂದು ಮಾತು ಕೇಳೋಕಾಗ್ಲಿಲ್ವಾ? ಅಗ್ಗಕ್ಕೆ ಸಿಗ್ತಿದೆ ಅಂತ ತಾನೇ ಸುಮ್ಮನಿದ್ದಿದ್ದು?"

ಅವರು ಕರಾರು ಪತ್ರ ಮಡಚಿ ಜೇಬಿಗೆ ಹಾಕಿಕೊಂಡರು. ಆಗ ತಮ್ಮ ಎದ್ದ. "ಒಬ್ಬನೇ ತಮ್ಮ ನಾನು. ನನ್ನನ್ನ ಪೊಲೀಸರಿಗೆ ಹಿಡಿದು ಕೊಡ್ತೀಯಾ? ನಂಗೂ ಮೋಸ ಆಗಿದೆ ಅಕ್ಕ!"

"ಆಗಿದೆ," ಅಂದೆ. "ಅದಕ್ಕೂ ದೂರು ಕೊಡೋಣ. ನಿಂಗೆ ಮೋಸ ಆಗಿದೆ ಅಂತ ಒಂದು, ನೀನು ಮೋಸ ಮಾಡಿದ್ದೀಯ ಅಂತ ಇನ್ನೊಂದು. ಎರಡಕ್ಕೂ ರುಜು ನಾನೇ ಹಾಕ್ತೀನಿ, ನೀನು ಕಷ್ಟಪಡಬೇಡ."

ಅವನು ಅಳುತ್ತಾ ನನ್ನ ಕೈ ಹಿಡಿಯಲು ಬಂದ. ನಾನು ಕೈ ಬಿಡಿಸಿಕೊಂಡು ಬಾಗಿಲ ಹತ್ತಿರ ಹೋಗಿ ಚಪ್ಪಲಿ ಮೆಟ್ಟಿದೆ.