ಎರಡೂ ಕಣ್ಣಿಗೆ ಕರಿ ಬಿಲ್ಲೆ

ನಾನು ಟ್ರಯಲ್ ಫ್ರೇಮು. ಕನ್ನಡಕದ ನಂಬರು ನೋಡುವಾಗ ನಿಮ್ಮ ಮೂಗಿನ ಮೇಲೆ ಏರಿ ಕೂರುತ್ತೇನಲ್ಲ, ಆ ಭಾರದ, ದುಂಡನೆಯ, ಗಾಜಿಲ್ಲದ ಕನ್ನಡಕ. ನನ್ನನ್ನು ಹಾಕಿಕೊಂಡವರನ್ನು ಕಂಡು ಜೊತೆಗೆ ಬಂದವರು ನಗುತ್ತಾರೆ. ನಗಲಿ, ನನಗೆ ಅಭ್ಯಾಸವಾಗಿದೆ.

ಹುಟ್ಟಿದ್ದು ಯಾವುದೋ ದೂರದ ಕಾರ್ಖಾನೆಯಲ್ಲಿ, ಬಾಳಿದ್ದು ಗದಗಿನ ಒಂದು ಕನ್ನಡಕದಂಗಡಿಯಲ್ಲಿ. ಅಂಗಡಿಗೆ ಹೊಸ ಮಷಿನ್ ಬಂದ ಮೇಲೆ ನನ್ನನ್ನು ಗಾಜುಗಳ ಪೆಟ್ಟಿಗೆಯ ಸಮೇತ ಬಸ್ ಡ್ರೈವರ್ ಫಕ್ಕೀರಪ್ಪನಿಗೆ ಕೊಟ್ಟುಬಿಟ್ಟರು. ಅವನ ಮಗಳು ಸುಷ್ಮಿತಾ ಹುಬ್ಬಳ್ಳಿಯಲ್ಲಿ ಆಪ್ಟೊಮೆಟ್ರಿ, ಅಂದರೆ ಕಣ್ಣು ಪರೀಕ್ಷೆಯ ವಿದ್ಯೆ, ಓದುತ್ತಿದ್ದಳು. ರಜೆಗೆ ಬಂದರೆ ಸಾಕು, ಓಣಿಯವರನ್ನೆಲ್ಲ ಹಿಡಿದು ಕೂರಿಸಿ ನನ್ನನ್ನು ತೊಡಿಸುವಳು. "ಡಾಕ್ಟರ್ ಬಾಯಿ" ಎಂದು ಅವರು ಕೀಟಲೆ ಮಾಡುತ್ತಿದ್ದರು. ಆಕೆಯ ಬೆರಳು ಬಲು ಹಗುರ. ನನಗಂತೂ ಹೆಮ್ಮೆಯೋ ಹೆಮ್ಮೆ.

ಒಂದು ಭಾನುವಾರ ಅಪ್ಪನನ್ನೇ ಕೂರಿಸಿದಳು. ಒಂದು ಕಣ್ಣು ಮುಚ್ಚಿ ಇನ್ನೊಂದನ್ನು ನೋಡಲು ನನ್ನೊಳಗೆ ಕರಿ ಬಿಲ್ಲೆ ಇಡುತ್ತಾರೆ. ಬಲಗಣ್ಣಿಗೆ ಇಟ್ಟಳು. ಆಕೆ ಗೋಡೆಗೆ ತೂಗುಹಾಕಿದ್ದ ಕಣ್ಣು ಪರೀಕ್ಷೆಯ ಹಲಗೆಯ ಮೇಲಿನ ಅಕ್ಷರಗಳನ್ನು ಅಪ್ಪ ಕೊನೆಯ ಸಾಲಿನವರೆಗೂ ಪಟಪಟ ಓದಿದ. ಆಕೆಗೆ ಖುಷಿಯಲ್ಲಿ ಗಡಿಬಿಡಿ. ಆ ಬಿಲ್ಲೆ ತೆಗೆಯುವುದನ್ನೇ ಮರೆತು ಎಡಗಣ್ಣಿಗೂ ಒಂದು ಇಟ್ಟುಬಿಟ್ಟಳು. ತೆಗೆಯೇ ಹುಡುಗಿ, ಎಂದು ಕೂಗಬೇಕೆನಿಸಿತು. ನನಗೆ ಬಾಯಿಲ್ಲ.

ಫಕ್ಕೀರಪ್ಪ ಮತ್ತೆ ಓದಿದ. ಒಂದಕ್ಷರ ತಪ್ಪಲಿಲ್ಲ. ಅವನ ಬಲಗಣ್ಣಿಗೆ ಕತ್ತಲು ಹೊಸದಾಗಿರಲಿಲ್ಲ, ಹಾಗಾಗಿ ಅಲ್ಲೊಂದು ಬಿಲ್ಲೆ ಇದೆಯೆಂಬುದೇ ಅವನಿಗೆ ತಿಳಿಯಲಿಲ್ಲ.

ನನ್ನನ್ನು ತೆಗೆಯಲು ಬಂದ ಸುಷ್ಮಿತಾ ಎರಡೂ ಬಿಲ್ಲೆಗಳನ್ನು ಕಂಡಳು.

"ಅಪ್ಪಾ, ಯಾವಾಗಿಂದ ಕಾಣವಲ್ದು?"

ಅವನು ತಲೆ ತಗ್ಗಿಸಿದ. ಪ್ರತಿ ಸಲ ಕಣ್ಣಿನ ತಪಾಸಣೆಗೆ ಹೋಗಿ ಹೋಗಿ, ಎಲ್ಲ ಕಡೆಯೂ ಇರುವ ಆ ಹಲಗೆಯನ್ನೇ ಬಾಯಿಪಾಠ ಮಾಡಿಕೊಂಡಿದ್ದ.

"ಎಡಗಣ್ಣಾಗ ಒಂಚೂರು ಕಾಣ್ತೈತವಾ. ನಿನ್ನ ಓದು ಮುಗೀಲಿ, ಆಮ್ಯಾಲ ಗಾಡಿ ಹೊಡಿಯೋದು ಬಿಡ್ತೀನಿ. ಯಾರ ಮುಂದೂ ಹೇಳಬ್ಯಾಡ."

ಪೆಟ್ಟಿಗೆಯ ಗಾಜುಗಳನ್ನೆಲ್ಲ ಒಂದೊಂದಾಗಿ ನನ್ನೊಳಗೆ ಇಟ್ಟು ನೋಡಿದಳು. ಕಣ್ಣಿನ ನರವೇ ಸತ್ತಿದ್ದರೆ ಗಾಜು ತಾನೆ ಏನು ಮಾಡೀತು? ಬಸ್ಸಿನ ತುಂಬ ಜನ ಕೂರುತ್ತಾರಲ್ಲ ಎಂದು ಅಳುತ್ತಲೇ ಬಸ್ ಮಾಲೀಕರಿಗೆ ಫೋನ್ ಮಾಡಿದಳು. ಅಪ್ಪನ ಕೆಲಸ ಹೋಯಿತು, ಅದರ ಹಿಂದೆಯೇ ಆಕೆಯ ಕಾಲೇಜೂ ನಿಂತಿತು.

ಈಗ ನಾನು ಆಕೆಯ ಜೊತೆ ಹಳೆಯ ಕನ್ನಡಕದಂಗಡಿಗೇ ಮರಳಿದ್ದೇನೆ. ಸ್ಕ್ರೂಗಳು ಸಡಿಲವಾಗಿವೆ. ಸುಷ್ಮಿತಾ ಇಲ್ಲಿ ಕೆಲಸಕ್ಕೆ ಸೇರಿ ಫ್ರೇಮು ಮಾರುತ್ತಾಳೆ. ಸಂಜೆ ಫಕ್ಕೀರಪ್ಪ ಗೋಡೆ ಹಿಡಿದುಕೊಂಡು ಬರುತ್ತಾನೆ. ನಿನ್ನೆ ಬಂದವನೇ ಕುರ್ಚಿಯಲ್ಲಿ ಕೂತ.

"ಹಾಕವಾ ಅದನ್ನ. ಇವತ್ತ ಭಾಳ ಛಲೋ ಕಾಣಾಕತ್ತೇತಿ."

ನನ್ನನ್ನು ತೊಡಿಸಿದಳು. ಅವನು ಎದುರಿನ ಗೋಡೆಗೆ ಮುಖ ಮಾಡಿ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೂ ಓದಿ ಮುಗಿಸಿದ.

"ನೋಡಿದ್ಯಾ? ನಾ ಮತ್ತ ಗಾಡಿ ಹೊಡೀತೀನಿ. ನೀ ಕಾಲೇಜಿಗೆ ಹೋಗು."

ಒರೆಸಲೆಂದು ಆಕೆ ಹಲಗೆಯನ್ನು ಆಗಲೇ ಕೆಳಗಿಳಿಸಿದ್ದಳು. ಗೋಡೆಯ ಮೇಲೆ ಬರೀ ಮೊಳೆಯಿತ್ತು.

"ಬರೋಬ್ಬರಿ ಓದಿದಿ, ಅಪ್ಪಾ," ಎಂದಳು.

ಅವನ ಮೂಗಿನಿಂದ ನನ್ನನ್ನು ತೆಗೆಯಲು ಆಕೆಗೆ ಕೈ ಏಳಲಿಲ್ಲ. ನಾನಾಗಿಯೇ ಇಳಿಯಲು ನನಗೆ ಬರುವುದಿಲ್ಲ.