ಸದ್ದು ಮಾಡದ ಅಡಿಗಲ್ಲು

ಮೂವತ್ತು ವರ್ಷ ಮುದ್ರಣಾಲಯದಲ್ಲಿ ಕುಳಿತು ಬೇರೆಯವರ ತಪ್ಪು ತಿದ್ದಿದವನು ನಾನು. ನಿವೃತ್ತನಾದ ಮೇಲೆ ಸ್ವಂತದ್ದೊಂದು ತಪ್ಪು ಮಾಡೋಣವೆನಿಸಿ ಕಮ್ಮಾರಿಕೆ ಕಲಿಯಲು ಹೊರಟೆ. ಹಿತ್ತಿಲಲ್ಲಿ ತೂತುಬಿದ್ದ ಬಾಣಲೆಯೇ ಕುಲುಮೆಯಾಯಿತು. ಸುತ್ತಿಗೆ, ಇಕ್ಕಳ ಬಂದವು. ಇನ್ನು ಬೇಕಾಗಿದ್ದುದು ಕಾದ ಕಬ್ಬಿಣ ಇಟ್ಟು ಬಡಿಯಲು ಒಂದು ಅಡಿಗಲ್ಲು, ಅಂದರೆ ಗಟ್ಟಿ ಲೋಹದ ದಿಮ್ಮಿ.

ನನ್ನ ಹೆಂಡತಿ ನರ್ಸು. ಒಂದು ವರ್ಷದಿಂದ ರಾತ್ರಿಪಾಳಿ. ಬೆಳಗ್ಗೆ ಬಂದು ಮಲಗಿದರೆ ಏಳುವುದು ಸಂಜೆಗೆ. ಅಲ್ಲಿಯವರೆಗೂ ಮನೆಯಲ್ಲಿ ನನ್ನದು ಬೆಕ್ಕಿನ ಹೆಜ್ಜೆ. ಚಮಚವನ್ನೂ ಬಟ್ಟೆಯ ಮೇಲೆಯೇ ಇಡುತ್ತೇನೆ.

"ಏನಾದ್ರೂ ಮಾಡ್ಕೊಳ್ಳಿ. ನನ್ನ ನಿದ್ದೆ ಒಂದು ಸಲ ಕೆಟ್ಟರೂ ಆ ದಿಮ್ಮಿ ಬೀದಿಗೆ," ಅಂದಿದ್ದಳು. ಹೇಳಿದ್ದನ್ನು ಮಾಡುವವಳೇ. ಹಿಂದೊಮ್ಮೆ ನಾನು ಕಲಿಯಲು ತಂದ ಕೊಳಲು ಮೂರನೆಯ ದಿನ ಒಲೆ ಸೇರಿತ್ತು.

ಗುಜರಿ ಅಂಗಡಿಯ ಮುದುಕ ಮೂರು ತೋರಿಸಿದ. ಕೊಂಬುಳ್ಳ ದೊಡ್ಡದರ ಬೆಲೆ ಕೇಳಿಯೇ ಎರಡು ಹೆಜ್ಜೆ ಹಿಂದೆ ಸರಿದೆ. ಎರಡನೆಯದು ತುಕ್ಕು ಹಿಡಿದ ರೈಲು ಹಳಿಯ ಮೊಳದುದ್ದದ ತುಂಡು. ಮೂರನೆಯದು ಪುಟ್ಟದು, ಹೊಸದು, ಕೆಂಪು ಬಣ್ಣದ್ದು, ಅಗ್ಗವೂ ಹೌದು. ಮುದುಕ ಒಂದು ಉಕ್ಕಿನ ಗುಂಡನ್ನು ಹಳಿಯ ಮೇಲೆ ಬಿಟ್ಟ. ಅದು ಠಣ್ಣೆಂದು ಪುಟಿದು ನನ್ನ ಗಲ್ಲದ ಹತ್ತಿರ ಬಂತು. ಕೆಂಪಿನ ಮೇಲೆ ಬಿಟ್ಟಾಗ ಟಪ್ಪೆಂದು ಬಿದ್ದು ಅಲ್ಲೇ ಕೂತಿತು.

"ಈ ಕೆಂಪುದೇ ಕೊಡಿ," ಅಂದೆ.

"ಎರಡೂ ಕೇಳಿಸ್ಕೊಂಡ್ರಿ ತಾನೆ?"

"ಇದು ಕೇಳಿಸ್ಲಿಲ್ಲ. ಅದಕ್ಕೇ ಬೇಕು."

ಮುದುಕ ನನ್ನನ್ನು ಮೇಲಿಂದ ಕೆಳಗೆ ನೋಡಿ, ತೂಕ ಹಾಕಿ ಕೊಟ್ಟ.

ಎರಡು ದಿನ ಸುಖವಾಗಿತ್ತು. ಮೂರನೆಯ ದಿನ ಸುತ್ತಿಗೆ ಗುರಿ ತಪ್ಪಿ ಅಂಚಿಗೆ ಬಿತ್ತು, ಅಂಚು ಬಿಸ್ಕತ್ತಿನ ಹಾಗೆ ಮುರಿದು ಕೈಗೆ ಬಂತು. ಮೇಲೆ ಥಳುಕು, ಒಳಗೆ ಹುಳುಕು. ಮುಖ ಸಣ್ಣ ಮಾಡಿಕೊಂಡು ಮತ್ತೆ ಗುಜರಿಗೆ ಹೋದೆ.

"ಅದು ಎರಕ ಹೊಯ್ದ ಕಬ್ಬಿಣ ಸ್ವಾಮಿ, ಏಟು ನುಂಗ್ಕೊಂಡು ಸುಮ್ನಿರತ್ತೆ," ಅಂದ ಮುದುಕ. "ಹಳಿಯ ಉಕ್ಕು ಏಟನ್ನ ವಾಪಸ್ ಕೊಡತ್ತೆ, ಅದಕ್ಕೇ ಕೂಗತ್ತೆ. ಸುಮ್ನಿರೋದೆಲ್ಲ ಒಳ್ಳೇದು ಅಂತ ಯಾರು ಹೇಳಿದ್ರು ನಿಮಗೆ?"

ಹಳಿಯ ತುಂಡು ತಂದೆ. ಅವನು ಹೇಳಿದಂತೆ ಮರದ ಕೊರಡಿಗೆ ಬಿಗಿದು, ಸದ್ದು ತಗ್ಗಲೆಂದು ಸರಪಳಿ ಸುತ್ತಿದೆ. ಆದರೂ ಧೈರ್ಯ ಸಾಲದು. ಕಬ್ಬಿಣ ಕೆಂಪಗೆ ಕಾದಿದೆ, ನಾನೋ ಮಗುವಿನ ಬೆನ್ನು ತಟ್ಟುವಂತೆ ತಟ್ಟುತ್ತಿದ್ದೇನೆ. ಅದು ಬಗ್ಗುವ ಮೊದಲೇ ಆರಿಹೋಗುತ್ತಿತ್ತು. ಐದನೆಯ ಸಲ ಕಾಯಿಸುವಾಗ ತಲೆ ಎತ್ತಿದರೆ ಹಿತ್ತಿಲ ಬಾಗಿಲಲ್ಲಿ ಹೆಂಡತಿ ನಿಂತಿದ್ದಾಳೆ. ಮುಗಿಯಿತು ನನ್ನ ಕಮ್ಮಾರಿಕೆ ಅಂದುಕೊಂಡೆ.

"ಮಲಗು ಹೋಗು. ನಿಲ್ಲಿಸ್ತೀನಿ."

"ನಿದ್ದೆ ಬಂದಿದ್ರೆ ತಾನೆ ಕೆಡೋಕೆ?" ಅವಳು ಮೆಟ್ಟಿಲ ಮೇಲೆ ಕೂತಳು. "ನಾಲ್ಕು ತಿಂಗಳಾಯ್ತು ರೀ, ಹಗಲು ಕಣ್ಣು ಮುಚ್ಚೋಕಾಗ್ತಿಲ್ಲ."

"ಮತ್ತೆ ದಿಮ್ಮಿ ಬೀದಿಗೆ ಅಂದೆಯಲ್ಲ?"

"ಹಾಗಂದ್ರೆ ನಾನು ನಿದ್ದೆ ಮಾಡ್ತಿದ್ದೀನಿ ಅಂತ ನೀವು ನಂಬ್ತೀರಲ್ಲ. ಇಲ್ಲಾಂದ್ರೆ ಕೆಲಸ ಬಿಡು ಅಂತ ಶುರು ಮಾಡ್ತೀರಿ." ಹಳಿಗೆ ಸುತ್ತಿದ್ದ ಸರಪಳಿಯತ್ತ ನೋಡಿದಳು. "ರಾತ್ರಿಯಿಡೀ ವಾರ್ಡಲ್ಲಿ ಎಲ್ರೂ ಮೆಲ್ಲಗೆ ನಡೀತಾರೆ, ಮೆಲ್ಲಗೆ ಮಾತಾಡ್ತಾರೆ. ಮನೆಗೆ ಬಂದ್ರೆ ನೀವೂ ಹಾಗೇ. ಇದ್ದೀರೋ ಇಲ್ವೋ ಅಂತ ಭಯ ಆಗತ್ತೆ, ಎದ್ದು ಬಂದು ನೋಡ್ಬೇಕು ಅನ್ಸತ್ತೆ."

ನನಗೆ ನಾಚಿಕೆಯಾಯಿತು, ಸಂಕಟವೂ ಆಯಿತು. ಅವಳೇ ಎದ್ದು ಬಂದು ಸರಪಳಿ ಬಿಚ್ಚಿ ಬದಿಗೆ ಹಾಕಿದಳು.

"ಜೋರಾಗಿ ಹೊಡೀರಿ," ಅಂದು ಬಾಗಿಲು ತೆರೆದೇ ಇಟ್ಟು ಒಳಗೆ ಹೋದಳು.

ಹೊಡೆದೆ. ಆರು ಏಟಿಗೆ ಕಬ್ಬಿಣ ಬಗ್ಗಿ ಗೋಡೆಗೆ ಹೊಡೆಯುವ ಕೊಕ್ಕೆಯಾಯಿತು. ತೋರಿಸೋಣವೆಂದು ಒಳಗೆ ಇಣುಕಿದರೆ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದಳು. ಕಾಯಿಸುತ್ತ ಕೂತರೆ ಸದ್ದು ನಿಂತು ಅವಳಿಗೆ ಎಲ್ಲಿ ಎಚ್ಚರವಾಗುತ್ತದೋ ಎಂದು, ಕುಲುಮೆ ಆರಿದ ಮೇಲೂ, ಸಂಜೆಯವರೆಗೆ ತಣ್ಣಗಿನ ಕಬ್ಬಿಣವನ್ನೇ ಬಡಿಯುತ್ತಿದ್ದೆ.