ಚಕ್ರ ಇಳಿಸಲು ಮರೆತ ಕ್ಯಾಪ್ಟನ್

ಬೆಂಗಳೂರಿನ ಆರ್‌ಪಿಸಿ ಲೇಔಟಿನ ಚೇತನಾ ಪುಟ್ಟ ಬಿಸಿನೆಸ್ ಜೆಟ್ ಒಂದರ ಕ್ಯಾಪ್ಟನ್. ಅದರ ಮಾಲೀಕ ಕಾಂತರಾಜು ಅನ್ನಪೂರ್ಣೇಶ್ವರಿ ನಗರದ ಹಳೇ ಗೌಡರ ಮನೆಯವರು. ಕಾರಿನಲ್ಲಿ ಹೇಗೋ ಜೆಟ್‌ನಲ್ಲೂ ಹಾಗೇ, ಮುಂದೆ ಕೂತವರ ಜೊತೆ ಹರಟದಿದ್ದರೆ ಅವರಿಗೆ ತಿಂದದ್ದು ಅರಗದು.

ಅಂದು ಹುಬ್ಬಳ್ಳಿಯಲ್ಲಿ ಇಳಿಯುವಾಗ ಅಡ್ಡಗಾಳಿ ಜೋರಿತ್ತು. ಚೇತನಾ ವೇಗವನ್ನೂ ಎತ್ತರವನ್ನೂ ನೋಡಿಕೊಳ್ಳುತ್ತಿದ್ದಳು. ಕೋ-ಪೈಲಟ್ ಸಿದ್ಧಾರ್ಥ ರೇಡಿಯೊದಲ್ಲಿ ಟವರಿಗೆ ಉತ್ತರಿಸುತ್ತಿದ್ದ. ಹಿಂದಿನ ಸೀಟಿನಿಂದ ಎದ್ದುಬಂದ ಕಾಂತರಾಜು ಕೋಡುಬಳೆ ಡಬ್ಬಿ ಚಾಚಿದರು.

“ತಗೊಳ್ಳಮ್ಮಾ, ಮನೇದು. ಅಂದ್ಹಾಗೆ, ಮದುವೆ ಯಾವಾಗ?”

“ಆಮೇಲೆ ಸಾರ್...” ಎನ್ನುವಷ್ಟರಲ್ಲಿ ಕಾಕ್‌ಪಿಟ್ಟಿನಲ್ಲಿ ಹಾರ್ನ್ ಕಿರುಚಿಕೊಂಡಿತು.

“ಯಾವನಮ್ಮಾ ಅವ್ನು, ಆಕಾಶದಲ್ಲೂ ಹಾರ್ನ್ ಹೊಡೆಯೋನು?”

“ವಿಮಾನಾನೇ ಸಾರ್! ಚಕ್ರ ಇಳಿಸಿಲ್ಲ ಅಂತ ಬೈತಾ ಇದೆ!”

ಇಬ್ಬರು ಪೈಲಟ್‌ಗಳೂ ಮರೆತಿದ್ದರು. ಚೇತನಾ ಇಳಿಯುವುದನ್ನು ಕೈಬಿಟ್ಟು ವಿಮಾನವನ್ನು ಮತ್ತೆ ಮೇಲಕ್ಕೇರಿಸಿದಳು. ಕೋಡುಬಳೆಗಳು ನೆಲದ ತುಂಬ ಉರುಳಿದವು.

“ಸಾರ್, ಹೋಗಿ ಬೆಲ್ಟ್ ಹಾಕ್ಕೊಂಡು, ಬಾಯಿ ಮುಚ್ಕೊಂಡು ಕೂತ್ಕೊಳ್ಳಿ!”

ಹುಟ್ಟಿದಾಗಿನಿಂದ ಅವರಿಗೆ ಹಾಗೆ ಹೇಳಿದವರಿರಲಿಲ್ಲ. ತೆಪ್ಪಗೆ ಹೋಗಿ ಕೂತರು. ಎರಡನೇ ಸುತ್ತಿನಲ್ಲಿ ಮೊದಲು ಚಕ್ರ ಇಳಿಯಿತು, ಆಮೇಲೆ ವಿಮಾನ ಇಳಿಯಿತು.

ಕೆಲಸ ಹೋಯಿತೆಂದೇ ಚೇತನಾ ಅಂದುಕೊಂಡಳು. ಕಾಂತರಾಜು ಕೆಳಗಿಳಿದವರೇ ಕಾಯುತ್ತಿದ್ದ ಬೀಗರಿಗೆ ಹೇಳಿದರು: “ನಮ್ಮ ಪೈಲಟ್ಟಮ್ಮ ಓನರ್ ಅಂತಾನೂ ನೋಡಲ್ಲ ಕಣ್ರೀ, ಮುಖಮೂತಿ ನೋಡ್ದೆ ಬೈತಾಳೆ. ಅದಕ್ಕೇ ಬದುಕಿದೀನಿ.”